ಒಂದು ಗೇಣು, ನಾಲ್ಕು ಬೆರಳು

ದರ್ಜಿ ಬಟ್ಟೆಗೆ ಕತ್ತರಿ ಹಾಕಬೇಕು ಅನ್ನುವಷ್ಟರಲ್ಲಿ ಭಾವನ ಫೋನು ಬಂತು.

"ನಿಮ್ಮಕ್ಕನ ವಿಷಯದಲ್ಲಿ ಡಾಕ್ಟ್ರು ಕೈಚೆಲ್ಲಿಬಿಟ್ರು ಕಣಯ್ಯ. ನಿನ್ನ ನೋಡ್ಬೇಕು ಅಂತ ಒಂದೇ ಸಮ ಹೇಳ್ತಿದ್ದಾಳೆ. ಇವತ್ತೇ ಹೊರಡು."

ದರ್ಜಿ ಕತ್ತರಿ ಕೆಳಗಿಟ್ಟ. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಆ ಅಕ್ಕ. ಆದರೆ ಮೂರು ಸಲ ಅಳೆಯದೆ ಒಂದು ಕರ್ಚೀಫನ್ನೂ ಕತ್ತರಿಸದವನು ಊರು ಬಿಡುವುದೆಂದರೆ ಸುಮ್ಮನೆಯೇ? ಅಕ್ಕನ ಊರಿಗೆ ಬೆಳಗಿನ ವಿಮಾನ ಮಧ್ಯೆ ಇನ್ನೊಂದು ಊರಿನಲ್ಲಿ ಇಳಿದು ಹೋಗುತ್ತದೆ, ಮಧ್ಯಾಹ್ನದ್ದು ನೇರ. ಯಾವುದು ಬೇಗ ಮುಟ್ಟಿಸುತ್ತದೆ? ಪಕ್ಕದ ಕ್ಷೌರದಂಗಡಿಯವನನ್ನು ಕೇಳಿದ. ಅದೇ ತಪ್ಪಾಯಿತು.

"ನೇರದ್ದೇ ಹತ್ತು. ನಮ್ಮ ಷಡ್ಡಕ ಮಧ್ಯೆ ಇಳಿದು ಒಂದಿಡೀ ದಿನ ಬೆಂಚಿನ ಮೇಲೆ ಬಿದ್ದಿದ್ದ," ಎಂದು ಅವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಎದ್ದು ಬಂದ.

ಮಹಡಿಯ ಮೇಲಿದ್ದ ನಿವೃತ್ತ ಭೂಗೋಳದ ಮೇಷ್ಟ್ರು ಭೂಪಟವನ್ನು ಕಂಕುಳಲ್ಲಿ ಇರುಕಿಕೊಂಡು ಇಳಿದರು. ದರ್ಜಿಯ ದಾರವನ್ನೇ ಎಳೆದು ಭೂಪಟದ ಮೇಲೆ ಈ ಊರಿನಿಂದ ಅಕ್ಕನ ಊರಿಗೆ ಹಿಡಿದರು.

"ಒಂದು ಗೇಣು, ನಾಲ್ಕು ಬೆರಳು. ಅಂದ್ರೆ ಮೂರು ಗಂಟೆ ದಾರಿ."

"ಯಾರ ಗೇಣು ಮೇಷ್ಟ್ರೇ? ನನ್ನ ಕೈಗೆ ಒಂದೇ ಗೇಣು ಬರುತ್ತಲ್ಲ," ಎಂದ ಕ್ಷೌರದಂಗಡಿಯವನು.

"ನಿನ್ನ ಕೈ ಉದ್ದ ಇದ್ರೆ ಊರು ಹತ್ರ ಬರುತ್ತೇನಯ್ಯಾ?"

ಮಾತಿಗೆ ಮಾತು ಬೆಳೆಯಿತು. ಅರ್ಧ ಗಡ್ಡದ ಗಿರಾಕಿಯೂ ಬಂದು ಒಂದು ಪಕ್ಷ ಹಿಡಿದ. ಅಷ್ಟರಲ್ಲಿ ಬೆಳಗಿನ ವಿಮಾನ ಅವರ ತಲೆಯ ಮೇಲೆಯೇ ಹಾರಿಹೋಯಿತು.

ದರ್ಜಿ ಗಾಬರಿಯಿಂದ ಭಾವನಿಗೆ ಫೋನು ಮಾಡಿದ. ಸ್ವಿಚ್ ಆಫ್. ಮತ್ತೆ ಮಾಡಿದ. ಸ್ವಿಚ್ ಆಫ್.

"ಮುಗೀತು. ಅಕ್ಕ ಹೋಗ್ಬಿಟ್ಲು," ಎಂದ.

ಮೇಷ್ಟ್ರು ದಾರ ಸುತ್ತಿದರು. ಜೀವನದಲ್ಲಿ ಮೊದಲ ಸಲ ಅಳೆಯದೆ, ತೂಗದೆ, ಅಂಗಡಿಯ ಬಾಗಿಲನ್ನೂ ಹಾಕದೆ ದರ್ಜಿ ಓಡಿದ. ಟೇಪು ಕೊರಳಲ್ಲೇ ಇತ್ತು. ಮಧ್ಯಾಹ್ನದ ವಿಮಾನದಲ್ಲಿ ದಾರಿಯುದ್ದಕ್ಕೂ ಅತ್ತ. ಎಷ್ಟು ಗಂಟೆ ಹಿಡಿಯಿತೆಂದು ಅವನಿಗೆ ಗೊತ್ತೇ ಆಗಲಿಲ್ಲ.

ಸಂಜೆ ಹೋಗಿ ನೋಡಿದರೆ ಅಕ್ಕನ ಮನೆಗೆ ಬೀಗ. ಮೆಟ್ಟಿಲ ಮೇಲೆ ಕುಸಿದು ಗೊಳೋ ಎಂದು ಅತ್ತವನ ಬಳಿ ಎದುರುಮನೆಯ ಹೆಂಗಸು ಬಂದಳು.

"ಯಾಕ್ರೀ ಅಳ್ತೀರಿ? ಅವ್ರು ಗಂಡ-ಹೆಂಡ್ತಿ ಬೆಳಿಗ್ಗೆನೇ ವಿಮಾನ ಹತ್ತಿದ್ರು. 'ನನ್ನ ತಮ್ಮ ಅಳೆದೂ ತೂಗಿ ಹೊರಡೋ ಹೊತ್ತಿಗೆ ನಾನಿರಲ್ಲ, ನಾನೇ ಹೋಗ್ತೀನಿ' ಅಂತ ನಿಮ್ಮಕ್ಕ ಹಟ ಹಿಡಿದು, ಗಾಲಿಕುರ್ಚೀಲಿ ಕೂತು ಹೊರಟ್ರು."

ವಿಮಾನದಲ್ಲಿ ಸ್ವಿಚ್ ಆಫ್ ಮಾಡಿದ್ದ ಫೋನನ್ನು ದರ್ಜಿ ಆಗ ಹಾಕಿದ. ಹಾಕಿದ್ದೇ ತಡ, ಹೊಡೆದುಕೊಂಡಿತು. ಅಕ್ಕನ ದನಿ ಎಳೆಯಷ್ಟು ಸಣ್ಣಗಾಗಿತ್ತು.

"ಜನ್ಮದಲ್ಲಿ ಒಂದು ಸಲ ನೀನು ಹೊರಟೆ, ಅದೂ ಇವತ್ತೇ ಏನೋ ದಡ್ಡ? ನಿನ್ನ ಅಂಗಡೀಲೇ ಮಲಗಿದೀನಿ. ಇನ್ನು ಏಳೋಕಾಗಲ್ಲ ಕಣೋ."

"ಈಗಲೇ ಬಂದೆ ಅಕ್ಕಾ!"

"ಎಷ್ಟು ಹೊತ್ತಾಗುತ್ತೆ?"

ಅವನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಮೇಷ್ಟ್ರ ಗಂಟಲು ಕೇಳಿಸಿತು. "ಮೂರೇ ಗಂಟೆ ಅಮ್ಮಾ, ನಾನೇ ಅಳೆದಿದೀನಿ!"

"ಯಾರ ಗೇಣಲ್ಲಿ?" ಎಂದ ಕ್ಷೌರದಂಗಡಿಯವನು.

ಮನೆಯ ಮೇಲೆ ಗುಡುಗಿದಂತೆ ಸದ್ದಾಯಿತು. ಎದುರುಮನೆಯವಳು ಕತ್ತೆತ್ತಿ, "ನಿಮ್ಮೂರಿಗೆ ಇವತ್ತಿನ ಕಡೇ ವಿಮಾನ ಅದೇ ನೋಡಿ. ಇನ್ನು ನಾಳೆ ಬೆಳಿಗ್ಗೇನೇ," ಎಂದಳು.

"ಮೂರು ಗಂಟೆ ತಾನೇ?" ಅಕ್ಕ ಉಸಿರು ಎಳೆದುಕೊಂಡಳು. "ಹೇಗೋ ಇರ್ತೀನಿ. ಬಾ."

ದರ್ಜಿ ಕೊರಳಿನ ಟೇಪನ್ನು ಬಿಗಿಯಾಗಿ ಹಿಡಿದುಕೊಂಡು, "ಹೂಂ ಅಕ್ಕಾ," ಎಂದ.