ಬೀರುವಿನಲ್ಲೊಂದು ಖಾನೆ

ಗಂಡ ಎನಿಸಿಕೊಂಡವನಿಗೆ ಸ್ವಂತ ಮನೆಯ ಬೀರುವಿನಲ್ಲಿ ಒಂದು ಖಾನೆ ಬೇಕು ಎನ್ನುವುದು ಅಂಥ ದೊಡ್ಡ ದುರಾಸೆಯೇನಲ್ಲ. ಹೊಸಪೇಟೆಯ ದೊಡ್ಡಬಸಪ್ಪನವರು ಆ ಒಂದು ಖಾನೆಗಾಗಿ ಮದುವೆಯಾದ ದಿನದಿಂದ ಕಾಯುತ್ತಿದ್ದರು. ಬೀರುವಿಗೆ ಖಾನೆಗಳು ಐದು. ಐದರಲ್ಲೂ ಹೆಂಡತಿ ಕೊಟ್ರಬಸಮ್ಮನವರ ಏಕಚಕ್ರಾಧಿಪತ್ಯ. ಯಜಮಾನರ ನಾಲ್ಕು ಅಂಗಿ, ಮೂರು ಪ್ಯಾಂಟು, ಎರಡು ಪಂಚೆ ಮಾತ್ರ ಬಾಗಿಲ ಹಿಂದಿನ ಒಂದೇ ಮೊಳೆಗೆ ಒಂದರ ಮೇಲೊಂದು ಜೋತುಬಿದ್ದಿದ್ದವು. ತೀರಾ ಅಡಿಯ ಅಂಗಿ ಬೇಕಾದರೆ ಮೇಲಿನ ಎಂಟನ್ನೂ ಇಳಿಸಬೇಕು. (ಆ ಅಡಿಯ ಅಂಗಿಯನ್ನು ಅವರು ತೊಟ್ಟು ಮೂರು ವರ್ಷವಾಗಿತ್ತು.)

ಇದು ಯಾರಿಗಾದರೂ ಅವಮಾನವೇ. ದೊಡ್ಡಬಸಪ್ಪನವರಿಗಂತೂ ಹೆಚ್ಚು. ಏಕೆಂದರೆ ಅವರು ಸಂಡೂರಿನ ಗಣಿಯೊಂದರಲ್ಲಿ ಮೂವತ್ತೊಂದು ವರ್ಷ ಸ್ಟೋರ್‌ಕೀಪರ್ ಆಗಿದ್ದವರು. ಅವರ ಸ್ಟೋರಿನಲ್ಲಿ ಪ್ರತಿ ಡಬ್ಬಿಗೂ ಒಂದು ಕಾರ್ಡು. ಸಾಮಾನು ಎಲ್ಲಿಂದ ಬಂತು, ಯಾವಾಗ ಬಂತು, ಯಾರಿಗೆ ಹೋಗಬೇಕು, ಎಲ್ಲ ಅದರಲ್ಲಿ. "ಕಾರ್ಡು ಕಿತ್ತವನ ಕೈ ಮುರೀತೀನಿ" ಎಂದು ಅವರು ಗದರಿದರೆ ದೊಡ್ಡ ಇಂಜಿನಿಯರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಅಂಥವರ ಅಂಗಿಗೆ ಮೊಳೆಯೇ ಗತಿ.

ಒಂದು ದಿನ ಮೊಬೈಲಿನಲ್ಲಿ ಯಾರೋ ಹೆಣ್ಣುಮಗಳು ಬಟ್ಟೆಗಳನ್ನು ಫೈಲುಗಳಂತೆ ನಿಲ್ಲಿಸಿ ಜೋಡಿಸುವುದನ್ನು ನೋಡಿದ್ದೇ ತಡ, ದೊಡ್ಡಬಸಪ್ಪನವರೊಳಗಿನ ಸ್ಟೋರ್‌ಕೀಪರ್ ಎದ್ದು ಕುಳಿತ. ಬೀರುವನ್ನು ತಾನೇ ಓರಣ ಮಾಡಿ, ಐದರಲ್ಲಿ ಒಂದು ಖಾನೆ ಉಳಿಸಿ ತೋರಿಸುತ್ತೇನೆ ಎಂದು ಘೋಷಿಸಿದರು. ಕೊಟ್ರಬಸಮ್ಮನವರು ಒಪ್ಪಲಿಲ್ಲ. ಬೀರುವಿನಲ್ಲಿದ್ದುದು ಮುಕ್ಕಾಲು ಪಾಲು ಆಯೇರಿ ಬಟ್ಟೆ.

ಆಯೇರಿ ಎಂದರೆ ಮದುವೆ, ತೊಟ್ಟಿಲು, ಗೃಹಪ್ರವೇಶಗಳಲ್ಲಿ ನೆಂಟರು ನೆಂಟರಿಗೆ ಕೊಡುವ ಸೀರೆ, ಕುಪ್ಪಸದ ಕಣ, ಪ್ಯಾಂಟು ಶರ್ಟಿನ ಪೀಸು. ಇವನ್ನು ಯಾರೂ ಉಡುವುದಿಲ್ಲ, ಹೊಲಿಸುವುದಿಲ್ಲ. ಸಂಡೂರಿನಿಂದ ಬಂದದ್ದು ಬುಕ್ಕಸಾಗರಕ್ಕೆ, ಬುಕ್ಕಸಾಗರದ್ದು ಕಂಪ್ಲಿಗೆ ಹೀಗೆ ದಾಟುತ್ತಿರುತ್ತವೆ. ದೊಡ್ಡಬಸಪ್ಪನವರಿಗಿಂತ ಹೆಚ್ಚು ಊರು ತಿರುಗಿದ ಸೀರೆಗಳು ಆ ಬೀರುವಿನಲ್ಲಿದ್ದವು. ನಿಯಮ ಒಂದೇ. ಕೊಟ್ಟವರ ಕೈಗೆ ಮಾತ್ರ ಅದು ವಾಪಸು ಹೋಗಬಾರದು.

ಕೊನೆಗೆ ಬುಕ್ಕಸಾಗರದಲ್ಲಿ ಅಕ್ಕನ ಬಸುರಿ ಮಗಳ ಕುಬಸವೆಂದು ಎರಡು ದಿನಕ್ಕೆ ಹೊರಟು ನಿಂತಾಗ ಕೊಟ್ರಬಸಮ್ಮನವರು ಕರಗಿದರು.

"ಆತು, ಮಾಡ್ರಿ. ಒಂದ್ ಖಾನೆ ನಿಮಗ. ಆದ್ರ ನಾ ಕೇಳಿದ ಬಟ್ಟಿ ಕೇಳಿದಾಗ ಸಿಗಬೇಕು. ಸಿಗಲಿಲ್ಲಾ, ಖಾನೆ ವಾಪಸ್."

ಬಸ್ಸು ಹೊರಟಿತು, ಬೀರು ತೆರೆಯಿತು. ಆಯೇರಿ ಬಟ್ಟೆಗಳೇ ತೊಂಬತ್ತನಾಲ್ಕು. ಪ್ರತಿಯೊಂದರ ಮೇಲೂ ಗುಂಡುಪಿನ್ನಿನಿಂದ ಚುಚ್ಚಿದ ಒಂದು ಹಳೆಯ ಚೀಟಿ. ಕ್ಯಾಲೆಂಡರಿನ ಹಾಳೆ, ಲಗ್ನಪತ್ರಿಕೆಯ ಅಂಚು, ಊದಿನಕಡ್ಡಿ ಪೊಟ್ಟಣ ಹರಿದು ಮಾಡಿದ ಚೂರುಗಳು. ಮೇಲೆ ಕೋಳಿಕಾಲಿನಂಥ ಅಕ್ಷರ. 'ಸಂಡೂರು ಹೇಮಾವತಿ, ಮಗನ ಮದುವಿ.' 'ವಿರುಪಮ್ಮ, ತೊಟ್ಟಿಲು.' ಹೆಂಗಸರಿಗೆ ಹಳೆಯ ನೆನಪುಗಳ ಹುಚ್ಚು ಎಂದುಕೊಂಡು ದೊಡ್ಡಬಸಪ್ಪನವರು ನಕ್ಕರು. ಪಿನ್ನು ತುಕ್ಕು ಹಿಡಿದರೆ ಸೀರೆ ಹಾಳು. ಅಷ್ಟನ್ನೂ ಕಿತ್ತು, ಪಿನ್ನುಗಳನ್ನು ಡಬ್ಬಿಗೆ ಹಾಕಿ, ಚೀಟಿಗಳನ್ನು ನೀರೊಲೆಗೆ ತುರುಕಿದರು. ಅವತ್ತು ಸ್ನಾನದ ನೀರು ಚೆನ್ನಾಗಿ ಕಾದಿತ್ತು.

ಆಮೇಲೆ ಪೇಟೆಯಿಂದ ಒಂದೇ ಅಳತೆಯ ಬಿಳಿ ಕವರು ತಂದು, ಪ್ರತಿ ಬಟ್ಟೆಯನ್ನೂ ಅದರೊಳಗಿಟ್ಟು ಪಿನ್ನು ಹೊಡೆದು, ಬಣ್ಣದ ಪ್ರಕಾರ ವಿಂಗಡಿಸಿ, ಮೇಲೆ ದುಂಡಗೆ ಬರೆದರು. ನೀಲಿ ಒಂದು, ನೀಲಿ ಎರಡು, ಕೆಂಪು ಒಂದು. ಐದನೆಯ ಖಾನೆ ಖಾಲಿಯಾಯಿತು. ಮೊಳೆಯ ಮೇಲಿನ ಸಮಸ್ತ ಆಸ್ತಿಯನ್ನು ಅಲ್ಲಿ ನಿಲ್ಲಿಸಿದರು. ಆ ರಾತ್ರಿ ಊಟದ ನಡುವೆ ಎರಡು ಸಲ ಎದ್ದು ಹೋಗಿ ಬೀರು ತೆರೆದು ನೋಡಿ ಬಂದರು.

ಊರಿಂದ ಬಂದ ಕೊಟ್ರಬಸಮ್ಮನವರಿಗೂ ನೋಡಿ ಸಂತೋಷವೇ ಆಯಿತು. ಎಲ್ಲ ಇದ್ದಹಾಗೇ ಇದೆಯಲ್ಲ ಎಂದು ಕೇಳಿದ್ದಕ್ಕೆ, ಒಂದು ನೂಲೂ ಆಚೆ ಹೋಗಿಲ್ಲ ಎಂದರು ಯಜಮಾನರು. ಅದು ನಿಜವೇ ಆಗಿತ್ತು.

ಒಂಬತ್ತು ದಿನ ದೊಡ್ಡಬಸಪ್ಪನವರು ಖಾನೆಯ ಸುಖ ಉಂಡರು. ಹತ್ತನೆಯ ದಿನ ಕಂಪ್ಲಿಯಲ್ಲಿ ಅವರ ತಂಗಿ ಗಂಗಾಂಬಿಕಾಳ ಹೊಸ ಮನೆಯ ಪ್ರವೇಶ. ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಬಾಯಲ್ಲಿ ಹೇರ್‌ಪಿನ್ನು ಕಚ್ಚಿಕೊಂಡೇ ಕೊಟ್ರಬಸಮ್ಮನವರು ಕೂಗಿ ಹೇಳಿದರು.

"ಸಂಡೂರು ಹೇಮಾವತಿ ಕೊಟ್ಟ ನೀಲಿ ಸೀರಿ ತಗೊಳ್ರಿ. ಕವರಿನೊಳಗ ಚೀಟಿ ಐತಿ ನೋಡ್ರಿ. ಚೀಟಿ ತೆಗೆದು ಇಟ್ಟುಕೊಳ್ರಿ."

ದೊಡ್ಡಬಸಪ್ಪನವರು ಬೀರು ತೆರೆದರು. ನೀಲಿ ಒಂದರಿಂದ ನೀಲಿ ಏಳು. ಯಾವುದು ಹೇಮಾವತಿಯದು, ಯಾವುದು ಯಾರದು, ದೇವರೇ ಬಲ್ಲ. ಎಲ್ಲಿಂದ ಬಂತು, ಯಾವಾಗ ಬಂತು, ಯಾರಿಗೆ ಹೋಗಬೇಕು. ಮೂವತ್ತೊಂದು ವರ್ಷ ಕಾರ್ಡು ಕಾಯ್ದ ಮನುಷ್ಯ ತಾನೇ ಕೈಯಾರೆ ತೊಂಬತ್ತನಾಲ್ಕು ಕಾರ್ಡು ಸುಟ್ಟಿದ್ದ. ಒಪ್ಪಿಕೊಂಡರೆ ಖಾನೆ ಹೋಯಿತು. ಖಾನೆಯಲ್ಲಿ ನಿಂತ ನಾಲ್ಕು ಅಂಗಿಗಳು ಅವರನ್ನೇ ನೋಡುತ್ತಿದ್ದವು. ಏಳರಲ್ಲಿ ತಂಗಿ ಕೊಟ್ಟದ್ದು ಇದ್ದರೂ ಒಂದಿದ್ದೀತು, ಉಳಿದ ಆರರಲ್ಲಿ ಭಯವಿಲ್ಲ ಎಂದು ಲೆಕ್ಕ ಹಾಕಿ, ನೀಲಿ ನಾಲ್ಕನ್ನು ಚೀಲಕ್ಕೆ ಹಾಕಿಕೊಂಡರು.

ಕಂಪ್ಲಿಯಲ್ಲಿ ಆಯೇರಿ ಎಂದರೆ ಗುಟ್ಟಿನ ವ್ಯವಹಾರವಲ್ಲ. ದಂಪತಿಯನ್ನು ಮಣೆಯ ಮೇಲೆ ಕೂಡಿಸಿ, ಬಂದ ಸೀರೆಯನ್ನು ಅಲ್ಲೇ ಬಿಚ್ಚಿ, ಸುತ್ತ ಕೂತ ಹೆಂಗಸರಿಗೆಲ್ಲ ಸೆರಗು ತೋರಿಸಬೇಕು. ಗಂಗಾಂಬಿಕಾ ಕವರು ಹರಿದು ಸೀರೆಯ ಮಡಿಕೆ ಎತ್ತಿದಳು. ಒಳಗಿನಿಂದ ಒಂದು ಚೀಟಿ ಬಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಕೊಟ್ರಬಸಮ್ಮನವರು ಮೇಲಿನ ಚೀಟಿಯಲ್ಲಿ ಬರೆಯುತ್ತಿದ್ದುದು ಹೆಸರು ಮಾತ್ರ. ಬಟ್ಟೆ ತೀರಾ ಕಳಪೆಯಾಗಿದ್ದರೆ ಮಡಿಕೆಯೊಳಗೆ ಎರಡನೆಯ ಚೀಟಿ. ಅದರಲ್ಲಿ ಅಭಿಪ್ರಾಯ.

ಸಿಕ್ಕಿದ್ದನ್ನು ಗಟ್ಟಿಯಾಗಿ ಓದುವುದು ಗಂಗಾಂಬಿಕಾಳಿಗೆ ಶಾಲೆಯ ದಿನಗಳಿಂದ ಬಂದ ರೂಢಿ. ಓದಿದಳು.

"ಕಂಪ್ಲಿ ಗಂಗಾಂಬಿಕಾ ಕೊಟ್ಟಿದ್ದು. ಬಣ್ಣ ಬಿಡ್ತತಿ. ಯಾರಾರ ದೂರದೋರಿಗೆ ದಾಟಿಸಬೇಕು."

ಒಳಗೆ ಹೋಳಿಗೆ ಬೇಯಿಸುತ್ತಿದ್ದವರೂ ಸಟ್ಟುಗ ಹಿಡಿದು ಬಾಗಿಲಿಗೆ ಬಂದರು. ಕೊಟ್ರಬಸಮ್ಮನವರು ಗಂಡನ ಕಡೆ ತಿರುಗಿ ಒಂದೇ ಸಲ ನೋಡಿದರು. ದೊಡ್ಡಬಸಪ್ಪನವರು ಹೊಸ ಮನೆಯ ಮಾಳಿಗೆಯನ್ನು ಬಹಳ ಆಸಕ್ತಿಯಿಂದ ಪರಿಶೀಲಿಸತೊಡಗಿದರು.

"ಅತ್ತಿಗಿ, ನೀವೂ ಒಳಗ ಚೀಟಿ ಇಡ್ತೀರಿ?" ಎಂದಳು ಗಂಗಾಂಬಿಕಾ.

"ಹೂಂನವ್ವ."

"ನಾನೂ ಇಡ್ತೀನಿ. ಇದು ಬಣ್ಣ ಬಿಡೂದು ನನಗೂ ಗೊತ್ತಿತ್ತು. ಅದಕ್ಕ ನಿಮಗ ದಾಟಿಸಿದ್ದೆ."

ಮೊದಲು ಯಾರೋ ಮೂಲೆಯಲ್ಲಿ ಕಿಸಕ್ಕೆಂದರು. ಆಮೇಲೆ ಎಲ್ಲರೂ. ಒಬ್ಬೊಬ್ಬರಾಗಿ ತಮ್ಮ ತಮ್ಮ ಚೀಟಿಗಳ ವೃತ್ತಾಂತ ಬಿಚ್ಚಿದರು. ಅತ್ತಿಗೆ ನಾದಿನಿ ಒಂದೇ ಚಾಪೆಯ ಮೇಲೆ ಕೂತು ಕಣ್ಣೀರು ಬರುವಷ್ಟು ನಕ್ಕರು. ಕೊನೆಗೆ ಗಂಗಾಂಬಿಕಾ ಒಳಗೆ ಹೋಗಿ, ಅಣ್ಣನಿಗೆ ಮರು ಆಯೇರಿ ಎಂದು ಗಿಳಿಹಸಿರು ಶರ್ಟಿನ ಪೀಸೊಂದನ್ನು ತಂದು ಅವರ ಮಡಿಲಿಗೆ ಹಾಕಿದಳು. ಚೀಟಿಯನ್ನು ತೆಗೆದಿರಲಿಲ್ಲ, ಬೇಕೆಂದೇ. 'ಅಣ್ಣ ರಿಟೈರ್ ಆದಾಗ ತಾನೇ ಆರಿಸಿ ತಂದುಕೊಟ್ಟಿದ್ದು. ಯಾರಿಗೂ ಕೊಡಾಕ ಬರಲ್ಲ.'

ವಾಪಸು ಬರುವಾಗ ಬುಕ್ಕಸಾಗರ ದಾಟಿದ ಮೇಲೆ ಕೊಟ್ರಬಸಮ್ಮನವರು ಕೇಳಿದರು.

"ಚೀಟಿ ಎಲ್ಲಿ?"

"ನೀರೊಲಿಗೆ ಹಾಕಿದೆ."

"ಗಣಿಯಾಗ ಕಾರ್ಡು ಕಿತ್ತೋರಿಗೆ ಏನ್ ಮಾಡ್ತಿದ್ರಿ?"



ಖಾನೆಯನ್ನು ಕೊಟ್ರಬಸಮ್ಮನವರು ಕಿತ್ತುಕೊಳ್ಳಲಿಲ್ಲ. ಮೂರು ದಿನ ಕೂತು, ಮುಟ್ಟಿ, ಮೂಸಿ, ಐವತ್ತು ಬಟ್ಟೆಗಳ ಮೂಲವನ್ನು ನೆನಪಿನಿಂದಲೇ ಹೇಳಿದರು. ಹೊಸ ಚೀಟಿಗಳನ್ನು ದುಂಡಗೆ ಬರೆದವರು ಯಜಮಾನರು. ಉಳಿದ ನಲವತ್ತಮೂರು ಮಾತ್ರ ಯಾರದೆಂದು ತಿಳಿಯಲಿಲ್ಲ. ಅವನ್ನು ಇನ್ನು ಯಾರಿಗೂ ಕೊಡುವಂತಿಲ್ಲ, ಯಾಕೆಂದರೆ ಕೊಟ್ಟವರು ಅವರೇ ಆಗಿರಬಹುದು. ಹಾಗೆಂದು ಎಸೆಯುವಂತೆಯೂ ಇಲ್ಲ. ಅಷ್ಟನ್ನೂ ಐದನೆಯ ಖಾನೆಗೆ ಒತ್ತಿ ತುಂಬಿ, ಅದರ ಮೇಲೆ 'ದೊಡ್ಡಬಸಪ್ಪನವರ ಖಾನೆ' ಎಂಬ ಚೀಟಿಯನ್ನು ಅವರ ಕೈಯಿಂದಲೇ ಬರೆಸಿ ಅಂಟಿಸಿದರು.

ಗಿಳಿಹಸಿರು ಪೀಸನ್ನು ಮಾತ್ರ ದರ್ಜಿಗೆ ಕೊಟ್ಟು ಅಂಗಿ ಹೊಲಿಸಿದರು. ನಿಮ್ಮದೇ ಎಂದು ಖಾತ್ರಿ ಇರುವ ಬಟ್ಟೆ ಅದೊಂದೇ ಎಂದು ಹೇಳಿದರು. ಈಗ ಬಾಗಿಲ ಹಿಂದಿನ ಮೊಳೆಯಲ್ಲಿ ಹತ್ತು ಬಟ್ಟೆಗಳಿವೆ, ಎಲ್ಲಕ್ಕಿಂತ ಮೇಲೆ ಅದೇ ಇದೆ.