ಫಟಫಟಿಯ ಮೇಲೆ ನಿಂತು ಹುಣಸೂರು ಪ್ರವೇಶ

ನಾನು ಎದ್ದು ನಿಂತದ್ದು ನಿಜ. ಅದರಲ್ಲಿ ಯಾವ ಲೋಪವೂ ಆಗಲಿಲ್ಲ. ಓಡುತ್ತಿರುವ ಮೋಟಾರ್ ಸೈಕಲ್ಲಿನ ಸೀಟಿನ ಮೇಲೆ, ಎರಡೂ ಕೈ ಚಾಚಿ, ಎದೆಯುಬ್ಬಿಸಿ, ಪಿರಿಯಾಪಟ್ಟಣದ ರಸ್ತೆಯಲ್ಲಿ ಹುಣಸೂರಿನ ಕಡೆಗೆ ಮುಖ ಮಾಡಿ ನಾನು ನಿಂತೆ. ನೋಡಿದವರು ಇನ್ನೂ ಊರಲ್ಲಿದ್ದಾರೆ, ಬೇಕಾದರೆ ಕೇಳಬಹುದು. ಅವರು ಅದರ ಮುಂದಿನ ಭಾಗವನ್ನೇ ಹೆಚ್ಚು ಉತ್ಸಾಹದಿಂದ ಹೇಳುತ್ತಾರೆ ಎಂಬುದು ಬೇರೆ ಮಾತು!

ಮಹಾರಾಜರ ಕಾಲ ಅದು. ನಾನು ಹುಣಸೂರಿನ ಒಂದು ಹೊಗೆಸೊಪ್ಪಿನ ಮಂಡಿಯಲ್ಲಿ ಗುಮಾಸ್ತ. ಯಜಮಾನರು ಖಾದರ್ ಸಾಹೇಬರು, ಮಿತಭಾಷಿ. ಕೊಡಗಿನ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾರಿದ ಹಳೆಯ ಮೋಟಾರ್ ಸೈಕಲ್ಲನ್ನು ಅವರು ಕೊಂಡರು. ಹಳ್ಳಿಗಳಿಗೆ ಹೋಗಿ ಯಾರ ಸೊಪ್ಪು ಒಣಗಿದೆ, ಯಾರದು ಇನ್ನೂ ಹಸಿ ಎಂದು ನೋಡಿಬರಲು ಬೇಕಾಗಿತ್ತು. ಅದು ಮಾಡುತ್ತಿದ್ದ ಸದ್ದಿಗೆ ಊರಿನವರು ಫಟಫಟಿ ಎಂದು ಹೆಸರಿಟ್ಟರು.

“ಪುಟ್ಟಸ್ವಾಮಿ, ನಿನಗೆ ಸೈಕಲ್ ಬರತ್ತಲ್ಲ?” ಎಂದರು ಸಾಹೇಬರು. “ಇದೂ ಅದೇ ಕಣಪ್ಪ. ತುಳಿಯೋ ಕಷ್ಟ ಇಲ್ಲ, ಅಷ್ಟೆ.”

ಹದಿನೈದು ದಿನದಲ್ಲಿ ಕಲಿತುಬಿಟ್ಟೆ. ಒಂದು ತಿಂಗಳಲ್ಲಿ ನನಗೆ ಅದರ ಮೇಲೆ ಕೂತು ಹೋಗುವುದು ಬೇಸರವಾಗತೊಡಗಿತು. ಕೂತು ಹೋಗುವುದು ಯಾರಿಗೆ ಬರುವುದಿಲ್ಲ? ಎತ್ತಿನ ಗಾಡಿಯಲ್ಲಿ ಕುಂಬಳಕಾಯಿಯೂ ಕೂತೇ ಹೋಗುತ್ತದೆ!

ಆ ವರ್ಷ ದಸರಾಕ್ಕೆಂದು ಮೈಸೂರಿಗೆ ಹೋದಾಗ ಒಂದು ಸರ್ಕಸ್ ನೋಡಿದೆ. ಬಿಗಿ ಚಲ್ಲಣ ತೊಟ್ಟ ಒಬ್ಬ ಮಹಾನುಭಾವ ಫಟಫಟಿಯ ಸೀಟಿನ ಮೇಲೆ ಎದ್ದು ನಿಂತು, ಡೇರೆಯೊಳಗೆ ಸುತ್ತು ಹಾಕಿದ. ಹೆಂಗಸರು ಮಕ್ಕಳು ಎನ್ನದೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ‘ಇವನಿಗಿಂತ ನಾನೇನು ಕಡಿಮೆ?’ ಎಂದು ಲೆಕ್ಕ ಹಾಕುತ್ತಿದ್ದೆ. ಎತ್ತರ ಒಂದೇ. ಮೀಸೆ ನನ್ನದೇ ದಪ್ಪ.

ಅಭ್ಯಾಸ ಶುರುವಾಯಿತು. ಮೊದಲು ಪಿರಿಯಾಪಟ್ಟಣದ ರಸ್ತೆಯಲ್ಲಿ ಕೈ ಬಿಟ್ಟು ಓಡಿಸುವುದು. ಆಗಿನ ಗಾಡಿಗಳಿಗೆ ವೇಗ ಕೊಡಲು ಹಿಡಿಯ ಪಕ್ಕದಲ್ಲಿ ಬೆರಳುದ್ದದ ಒಂದು ಕಡ್ಡಿ ಇರುತ್ತಿತ್ತು. ಅದನ್ನು ಎಲ್ಲಿಗೆ ತಳ್ಳಿದರೆ ಅಲ್ಲೇ ನಿಲ್ಲುತ್ತಿತ್ತು. ಕೈ ಬಿಟ್ಟರೂ ಗಾಡಿ ತನ್ನ ಪಾಡಿಗೆ ಅದೇ ವೇಗದಲ್ಲಿ ಓಡುತ್ತಿತ್ತು. ಇದನ್ನು ನಾನು ಅನುಕೂಲ ಎಂದು ಭಾವಿಸಿದ್ದೆ.

ಎರಡನೆಯ ಹಂತ, ನಿಲ್ಲುವುದು. ಇದನ್ನು ಮಂಡಿಯ ಹಿತ್ತಲಲ್ಲಿ, ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿಕೊಂಡು ಕಲಿತೆ. ಮೊದಲು ಮೊಣಕಾಲು ಊರುವುದು, ಆಮೇಲೆ ಒಂದು ಪಾದ, ಆಮೇಲೆ ಇನ್ನೊಂದು, ನಿಧಾನವಾಗಿ ನೆಟ್ಟಗಾಗುವುದು. ನಿಂತಾದ ಮೇಲೆ ಪಕ್ಕದ ಗೋಣಿಚೀಲದ ರಾಶಿಯ ಮೇಲೆ ಧುಮುಕುವುದು. ಹೀಗೆ ಇಪ್ಪತ್ತು ಸಲ ಮಾಡಿದೆ. ಇಪ್ಪತ್ತು ಸಲವೂ ಯಶಸ್ವಿ!

ಮನೆಯಲ್ಲಿ ಒರಳುಕಲ್ಲಿನ ಮೇಲೆ ಒಂಟಿಕಾಲಲ್ಲಿ ನಿಂತು ಸಮತೋಲ ಸಾಧಿಸುತ್ತಿದ್ದಾಗ ನನ್ನ ಹೆಂಡತಿ ನಂಜಮ್ಮನ ಕಣ್ಣಿಗೆ ಬಿದ್ದೆ.

“ಇದ್ಯಾಕ್ರೀ ಇಂಗ್ ನಿಂತಿದೀರಿ? ಏನಾರ ಕಚ್ತಾ?”

ವಿಷಯ ಹೇಳಿದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿದಳು.

“ಸರ್ಕಸ್ನೋರು ಡೇರೆ ಒಳಗೆ ಮಾಡ್ತಾರೆ. ಅಲ್ಲಿ ದನ ಬರಲ್ಲ, ಗಾಡಿ ಬರಲ್ಲ. ರಸ್ತೆ ಅಂದ್ಮೇಲೆ ನಾಕ್ ಜನ ಓಡಾಡ್ತಾರೆ ಕಣ್ರೀ.”

“ಜನ ಇರಲಿ ಅಂತಲೇ ರಸ್ತೆಯಲ್ಲಿ ಮಾಡೋದು” ಎಂದೆ.

“ಸರಿ ಬುಡಿ. ಒರಳು ಖಾಲಿ ಮಾಡಿ, ನಾನು ಚಟ್ನಿ ರುಬ್ಬಬೇಕು.”

ಕಲೆಗೆ ಮನೆಯಲ್ಲಿ ಬೆಲೆಯಿಲ್ಲ ಎಂದುಕೊಂಡು ಇಳಿದೆ.

ಮುಹೂರ್ತ ಇಟ್ಟದ್ದು ಸಂತೆಯ ದಿನ. ಸಾಹೇಬರು ಅಂದು ಮೈಸೂರಿಗೆ ಹೋಗುವರೆಂದು ಖಚಿತ ಮಾಡಿಕೊಂಡಿದ್ದೆ. ಹಿಂದಿನ ದಿನ ಕ್ಷೌರ ಮಾಡಿಸಿಕೊಳ್ಳುವಾಗ ವಿಷಯವನ್ನು ಗುಟ್ಟಾಗಿ ಕ್ಷೌರಿಕ ಸಿದ್ದಪ್ಪನಿಗೆ ಹೇಳಿದೆ. ಯಾರಿಗೂ ಹೇಳಬೇಡ ಎಂದೂ ಹೇಳಿದೆ. ಇನ್ನು ಡಂಗುರದ ಅಗತ್ಯ ಉಳಿಯಲಿಲ್ಲ.

ಬೆಳಗ್ಗೆ ಪಿರಿಯಾಪಟ್ಟಣದ ಕಡೆಗೆ ಒಂದು ಮೈಲಿ ಹೋಗಿ ತಿರುಗಿಸಿದೆ. ಕರಿ ಕೋಟು, ಜರತಾರಿ ಅಂಚಿನ ಪೇಟ, ಕಚ್ಚೆಪಂಚೆ. ದೂರದಲ್ಲಿ ಲಕ್ಷ್ಮಣತೀರ್ಥದ ಸೇತುವೆ, ಅದರ ಈಚೆ ರಸ್ತೆಯ ಎರಡೂ ಕಡೆ ಜನ. ಕಡ್ಡಿ ತಳ್ಳಿದೆ. ಕೈ ಬಿಟ್ಟೆ. ಮೊಣಕಾಲು ಊರಿದೆ. ಒಂದು ಪಾದ, ಇನ್ನೊಂದು ಪಾದ.

ನಿಂತೆ!

ಕೋಟು ಹಿಂದಕ್ಕೆ ಹಾರಿತು. ಮರಗಳು ಎರಡೂ ಕಡೆ ಸರಿದುಹೋದವು. ಎತ್ತಿನ ಗಾಡಿಯ ಮೇಲಿದ್ದ ರೈತನೊಬ್ಬ ಬಾಯಿ ಬಿಟ್ಟುಕೊಂಡು ನೋಡಿದ. ಜನ “ಓಹೋ!” ಎಂದರು. ಯುವರಾಜರ ಮೆರವಣಿಗೆಗೂ ಅಂಥ ಓಹೋ ಬಂದಿರಲಾರದು. ನನ್ನ ಆಯುಷ್ಯದ ಅತ್ಯಂತ ಸುಖದ ಹತ್ತು ಗಳಿಗೆ ಎನ್ನಬೇಕೆಂದಿದ್ದೆ. ಪ್ರಾಮಾಣಿಕವಾಗಿ ಹೇಳಿದರೆ ಹತ್ತು ಉಸಿರು.

ಹನ್ನೊಂದನೆಯ ಉಸಿರಿಗೆ ಒಂದು ವಿಚಾರ ಹೊಳೆಯಿತು. ಇನ್ನು ಕೂತುಕೊಳ್ಳಬೇಕು. ಕೂತುಕೊಳ್ಳುವುದನ್ನು ನಾನು ಕಲಿತಿರಲಿಲ್ಲ! ಹಿತ್ತಲಲ್ಲಿ ಇಪ್ಪತ್ತು ಸಲವೂ ಗೋಣಿಚೀಲದ ಮೇಲೆ ಧುಮುಕಿದ್ದೆ. ಇಲ್ಲಿ ಗೋಣಿಚೀಲ ಇರಲಿಲ್ಲ. ವೇಗದ ಕಡ್ಡಿ ಕೆಳಗೆ, ಬ್ರೇಕು ಕೆಳಗೆ, ಹಾರ್ನ್ ಕೂಡ ಕೆಳಗೆ. ಮೇಲೆ ನಾನೊಬ್ಬನೇ.

ಸ್ವಲ್ಪ ಬಗ್ಗಿದೆ. ಗಾಡಿಯೂ ಬಗ್ಗಿತು. ಥಟ್ಟನೆ ನೆಟ್ಟಗಾದೆ. ಇಳಿಜಾರು ಬಂದು ವೇಗ ಹೆಚ್ಚಿತು. ಮುಂದೆ ಸಂತೆಗೆ ಹೊರಟ ಎತ್ತಿನ ಗಾಡಿಗಳ ಸಾಲು ಸೇತುವೆಯ ಬಾಯಲ್ಲಿ ನಿಂತಿತ್ತು.

“ಜರುಗಿ! ಜರುಗಿ!” ಎಂದು ಕೈ ಬೀಸಿ ಅರಚಿದೆ.

ಅದೂ ಆಟದ ಭಾಗವೆಂದು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಕೆಲವರು ತಿರುಗಿ ಕೈ ಬೀಸಿದರು!

ಆಗ ಕಂಡಳು ದೊಡ್ಡತಾಯಮ್ಮ. ಸಂತೆಯಲ್ಲಿ ವೀಳ್ಯದೆಲೆ ಮಾರುವ ಮುದುಕಿ. ತಲೆಯ ಮೇಲೆ ಎಲೆಯ ಕುಕ್ಕೆ ಹೊತ್ತು ರಸ್ತೆಯ ಅಂಚಿನಲ್ಲಿ ತನ್ನ ಪಾಡಿಗೆ ಹೋಗುತ್ತಿದ್ದಳು. ಬೆನ್ನು ನನ್ನ ಕಡೆಗಿತ್ತು. ಕಿವಿ ಸ್ವಲ್ಪ ಮಂದ. ಗಾಡಿ ನೇರ ಅವಳತ್ತಲೇ ಹೋಗುತ್ತಿತ್ತು.

ಇಲ್ಲಿಂದ ಮುಂದೆ ನಾನು ಏನು ಮಾಡಿದೆನೋ ನನಗೆ ಗೊತ್ತಿಲ್ಲ. ಮೈಯನ್ನೆಲ್ಲ ಒಂದು ಕಡೆಗೆ ಎಸೆದೆ. ಗಾಡಿ ಹೊರಳಿತು. ಜನ ಕಿರುಚಿದರು. ಮುದುಕಿ ತಿರುಗಿ ನೋಡಿದವಳೇ ಕುಕ್ಕೆ ಬಿಟ್ಟು ಪಕ್ಕದ ಹಳ್ಳಕ್ಕೆ ಹಾರಿದಳು. ಗಾಡಿ ಒಂದು ಮರಕ್ಕೆ ಗುದ್ದಿತು. ನಾನು ಹಾರಿ ಕತ್ತಾಳೆ ಬೇಲಿಯ ಮೇಲೆ ಬಿದ್ದೆ. ವೀಳ್ಯದೆಲೆಗಳು ಗಾಳಿಯಲ್ಲಿ ತೇಲಿ ಬಂದು ಒಂದೊಂದಾಗಿ ರಸ್ತೆಯ ಮೇಲೆ ಇಳಿದವು.

ಚಪ್ಪಾಳೆ ನಿಂತುಹೋಯಿತು.

ಹಳ್ಳದಿಂದ ಸದ್ದೇ ಇಲ್ಲ. ಆ ಒಂದು ನಿಮಿಷ ನನಗೆ ಮುಳ್ಳು ಚುಚ್ಚಿದ್ದು ಗೊತ್ತಾಗಲಿಲ್ಲ, ಪಂಚೆ ಹರಿದದ್ದೂ ಗೊತ್ತಾಗಲಿಲ್ಲ. ಕೊಂದುಬಿಟ್ಟೆನಲ್ಲ ಎಂಬುದೊಂದೇ ಗೊತ್ತಿದ್ದದ್ದು. ಅಂಬೆಗಾಲಿಟ್ಟು ಹಳ್ಳದ ಅಂಚಿಗೆ ಹೋಗಿ ಇಣುಕಿದೆ.

ಕೆಳಗಿನಿಂದ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು.

“ಯಾವನ್ಲಾ ಅವ್ನು? ಕೂತ್ಕಂಡ್ ಓಗಕ್ಕೆ ಏನ್ಲಾ ದಾಡಿ ನಿಂಗೆ!”

ಜೀವಮಾನದಲ್ಲಿ ಯಾರ ಬೈಗುಳವೂ ನನಗೆ ಅಷ್ಟು ಇಂಪಾಗಿ ಕೇಳಿಸಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ. ಜನ ನನಗೆ ನೋವಾಗಿದೆ ಎಂದುಕೊಂಡು ನೀರು ತಂದರು. ನೀರನ್ನು ಮುದುಕಿ ಕುಡಿದಳು.

ಅವಳ ಪಾದ ಉಳುಕಿ ಊದಿಕೊಂಡಿತ್ತು. ನಾಟಿ ವೈದ್ಯರು ಎಣ್ಣೆ ಹಚ್ಚಿ, ಪಟ್ಟಿ ಕಟ್ಟಿ, ಒಂದು ತಿಂಗಳು ನೆಲಕ್ಕೆ ಕಾಲೂರಬೇಡ ಎಂದರು. ಮನೆಯಲ್ಲಿ ನಂಜಮ್ಮ ನನ್ನನ್ನು ಬೋರಲು ಮಲಗಿಸಿ ಮುಳ್ಳು ಕಿತ್ತಳು. ಪ್ರತಿ ಮುಳ್ಳನ್ನೂ ಸ್ವಲ್ಪ ಹೆಚ್ಚು ನಿಧಾನವಾಗಿ ಕಿತ್ತಳು ಎಂಬ ಗುಮಾನಿ ನನಗಿದೆ. ಕೊನೆಗೆ, “ಅವ್ಳ ಜಾಗದಾಗೆ ನಮ್ಮವ್ವ ಇದ್ದಿದ್ರೆ?” ಎಂದಳು. ನಾನು ದಿಂಬಿಗೆ ಮುಖ ಒತ್ತಿಕೊಂಡೆ.

ಸಂಜೆ ಮೈಸೂರಿನಿಂದ ಹಿಂದಿರುಗಿದ ಸಾಹೇಬರು ಕರೆಸಿದರು. ಡೊಂಕಾಗಿದ್ದ ಫಟಫಟಿ ಮಂಡಿಯ ಬಾಗಿಲಲ್ಲಿ ಒರಗಿತ್ತು. ಕೆಲಸ ಹೋಯಿತು ಎಂದು ಸಿದ್ಧನಾಗಿಯೇ ಹೋಗಿದ್ದೆ.

“ಗಾಡಿ ಹೋದ್ರೆ ಇನ್ನೊಂದು ಗಾಡಿ ಬರತ್ತೆ ಪುಟ್ಟಸ್ವಾಮಿ” ಎಂದರು. “ಆ ಅಮ್ಮ ಹೋಗಿದ್ರೆ ಅವರ ಮನೆಯೋರಿಗೆ ಏನು ಹೇಳ್ತಿದ್ದೆ? ನಾನು ನಿಂತಿದ್ದೆ, ಜನ ಚಪ್ಪಾಳೆ ಹೊಡೀತಿದ್ರು, ಅಂತಾನಾ?”

ಸಾಹೇಬರು ಫಟಫಟಿಯ ಡೊಂಕು ಹಿಡಿಯನ್ನೊಮ್ಮೆ ಅಲುಗಾಡಿಸಿ ನೋಡಿದರು.

“ಕೆಲಸದಿಂದ ತೆಗೆಯಲ್ಲ. ಆದ್ರೆ ಅವಳ ಕಾಲು ಸರಿಹೋಗೋವರೆಗೆ ಸಂತೆ ದಿನ ಅವಳ ಜಾಗದಲ್ಲಿ ನೀನು ಕೂತು ಎಲೆ ಮಾರಬೇಕು. ಹಳ್ಳಿ ಸುತ್ತೋದು ಇನ್ನು ಮೇಲೆ ನಡ್ಕೊಂಡು.”

ಹೀಗೆ ನಾನು ವೀಳ್ಯದೆಲೆಯ ವ್ಯಾಪಾರಿಯಾದೆ. ಕೋಟು ಹಾಕಿದ ಗುಮಾಸ್ತ ಗೋಣಿತಾಟಿನ ಮೇಲೆ ಕೂತಿರುವುದನ್ನು ನೋಡಲೆಂದೇ ಅಷ್ಟು ದೂರದ ಅಂತರಸಂತೆ ಊರಿನಿಂದಲೂ ಜನ ಬಂದರು ಎಂದು ಸಿದ್ದಪ್ಪ ಹೇಳಿದ. ದೊಡ್ಡತಾಯಮ್ಮನನ್ನು ಅವಳ ಅಳಿಯ ಎತ್ತಿನ ಗಾಡಿಯಲ್ಲಿ ಕರೆತಂದು ಎದುರಿನ ಜಗಲಿಯ ಮೇಲೆ ಕೂರಿಸಿದ. ಅಲ್ಲಿಂದಲೇ ಅವಳ ಆಡಳಿತ.

“ಎಲೆಗೆ ನೀರು ಚಿಮುಕ್ಸಪ್ಪ! ಚಿಮುಕ್ಸು ಅಂದ್ರೆ ಮುಳುಗ್ಸೋದಲ್ಲ!”

“ಚಿಗುರೆಲೆ ಮೇಲ್ಗಡೆ ಇಡು. ಎಲೆ ನೋಡ್ಬೇಕು ಜನ, ನಿನ್ ಮೀಸೆ ಅಲ್ಲ!”

“ಅವ್ರು ಮದುವೆಗೆ ಕೇಳ್ತಾವ್ರೆ ಕಣಪ್ಪ, ತೂತು ಬಿದ್ದ ಎಲೆ ಕೊಡ್ತೀಯಲ್ಲ!”

ಗಿರಾಕಿಗಳ ಸೌಜನ್ಯವೂ ಕಡಿಮೆಯಿರಲಿಲ್ಲ. “ಸ್ವಾಮಿ, ಒಂದು ಕಟ್ಟು ಎಲೆ. ಎದ್ದು ಕೊಡಬೇಡಿ, ಕೂತೇ ಕೊಡಿ” ಎನ್ನುತ್ತಿದ್ದರು. ನಾನು ಕೂತೇ ಕೊಡುತ್ತಿದ್ದೆ. ಎಣಿಕೆ ತಪ್ಪುತ್ತಿತ್ತು. ಒಬ್ಬರಿಗೆ ಹೆಚ್ಚು ಹೋಗುತ್ತಿತ್ತು. ಇನ್ನೊಬ್ಬರಿಗೆ ಕಡಿಮೆ ಹೋಗಿ, ಅವರು ವಾಪಸು ಬಂದು ಜಗಲಿಯ ಕಡೆಗೆ ದೂರು ಒಯ್ಯುತ್ತಿದ್ದರು.

ಮೂರನೆಯ ಸಂತೆ. ಮಧ್ಯಾಹ್ನದ ಹೊತ್ತಿಗೆ ದೊಡ್ಡತಾಯಮ್ಮ ಜಗಲಿಯಿಂದ ಇಳಿದು, ಕೋಲೂರಿಕೊಂಡು, ಕುಂಟುತ್ತ ನನ್ನ ಮುಂದೆ ಬಂದು ನಿಂತಳು.

“ಅತ್ಲಾಗ್ ಸರ್ಕೊ.”

“ಅಜ್ಜಿ, ವೈದ್ಯರು ಒಂದು ತಿಂಗಳು ಅಂದಿದ್ದಾರೆ! ಕಾಲಿನ ನೋವು ಹೋಗಿಲ್ಲ ನಿಮಗೆ” ಎಂದು ಗಾಬರಿಯಿಂದ ಹೇಳಿದೆ.

“ಕಾಲ್ ನೋವು ತಡ್ಕಬೋದು ಕಣಪ್ಪ, ನಿನ್ ಯಾಪಾರ ತಡ್ಕಳಕ್ ಆಯ್ತಿಲ್ಲ. ಓಗು, ಮನೆಗೋಗು.”

ಅವಳು ಕೂತು, ಬಾಡಿದ್ದನ್ನೆಲ್ಲ ತೆಗೆದೆಸೆದು, ಎಲೆಗಳ ಮೇಲೆ ನೀರು ಚಿಮುಕಿಸಿದಳು. ನಾನು ಕೋಟು ಕೊಡವಿಕೊಂಡು ಸಂತೆಮಾಳದ ಅಂಚು ದಾಟಿ ಹಿಂದಿರುಗಿ ನೋಡುವಷ್ಟರಲ್ಲಿ ಅವಳ ಮುಂದೆ ಆರು ಜನ ಗಿರಾಕಿಗಳು. ಅಂದು ಬೆಳಗ್ಗೆಯಿಂದ ನನ್ನ ಹತ್ತಿರ ಬಂದದ್ದು ಒಂದು ಮೇಕೆ.

ಅದೂ ನನ್ನ ಎಲೆಯನ್ನು ಮೂಸಿ ನೋಡಿ ಮುಂದಕ್ಕೆ ಹೋಗಿತ್ತು!