ಆರನೇ ಪುಟದಲ್ಲಿ ಸತ್ತ ಅಜ್ಜಿ

ಮಕ್ಕಳ ಪುಸ್ತಕ ಬಲು ಸಾಧು ವಸ್ತು, ಅದನ್ನು ಓದಿ ಯಾರೂ ಎದೆ ಹಿಡಿದುಕೊಳ್ಳುವುದಿಲ್ಲ ಎಂದೇ ನಾನು ತಿಳಿದಿದ್ದೆ. ಹಾಗೆ ತಿಳಿಯಲು ನನಗೇನು ಅಧಿಕಾರ ಎಂದು ಕೇಳಬೇಡಿ. ನಾನು ರಸೆಲ್ ಮಾರುಕಟ್ಟೆಯಲ್ಲಿ ಸೊಪ್ಪು ಮಾರಿದವಳು. ತಮಿಳು, ಉರ್ದು ಎರಡರಲ್ಲೂ ಜಗಳವಾಡುವಷ್ಟು ಅಲ್ಲೇ ಕಲಿತೆ. ಕನ್ನಡದ ಅಕ್ಷರ ಕಲಿತದ್ದು ಮಾತ್ರ ಮಗಳು ಶಶಿ ಸ್ಕೂಲು ಮುಗಿಸಿದ ಮೇಲೆ, ಅವಳ ಹಳೇ ಪುಸ್ತಕಗಳಿಂದ. ಈಗಲೂ ಬೆರಳಿಟ್ಟೇ ಓದುತ್ತೇನೆ. ಒತ್ತಕ್ಷರ ಬಂದರೆ ಸ್ವಲ್ಪ ನಿಂತು, ನೀರು ಕುಡಿದು ಮುಂದೆ ಹೋಗುತ್ತೇನೆ.

ಈ ಅರ್ಹತೆಯೇ ನನಗೆ ಮುಳುವಾಯಿತು. ಕಗ್ಗದಾಸಪುರದ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಮಕ್ಕಳಿಗೆಂದು ಪುಸ್ತಕದ ಬೀರು ಇಟ್ಟಿದ್ದಾರೆ. ಅದರ ಉಸ್ತುವಾರಿ ಶಶಿಯದು. ಹೊಸದಾಗಿ ಅಚ್ಚಾದ ಪುಸ್ತಕಗಳ ರಾಶಿಯನ್ನೇ ತಂದು ನನ್ನ ಮುಂದೆ ಸುರಿದಳು. "ಅಮ್ಮಾ, ನೀನೂ ಮಕ್ಕಳ ಸ್ಪೀಡಲ್ಲೇ ಓದ್ತೀಯ. ಯಾವ್ದು ಇಟ್ಕೋಬೇಕು ಹೇಳು, ಬೇಡದ್ದನ್ನ ಅಂಗಡಿಗೆ ವಾಪಸ್ ಕೊಟ್ಬಿಡ್ತೀನಿ." ಹೊಗಳಿದಳೋ ಬೈದಳೋ ತಿಳಿಯಲಿಲ್ಲ.

ಮೊದಲನೆಯದರಲ್ಲಿ ಹುಲಿಯೊಂದು ಜಿಂಕೆಯ ಹತ್ತಿರ ಕ್ಷಮೆ ಕೇಳುತ್ತದೆ. ಆಮೇಲೆ ಊಟಕ್ಕೇನು ಮಾಡಿತು ಎಂದು ಬರೆದಿಲ್ಲ. ಹೋಗಲಿ ಎಂದು ಎರಡನೆಯದನ್ನು ತೆಗೆದೆ. ದಪ್ಪ ಅಕ್ಷರ, ಬಣ್ಣಬಣ್ಣದ ಚಿತ್ರ, ನನ್ನ ಹಾಗೇ ಕನ್ನಡಕ ಹಾಕಿದ ಅಜ್ಜಿ, ಪಕ್ಕದಲ್ಲಿ ಮೊಮ್ಮಗಳು. ಖುಷಿಯಾಗಿ ಓದುತ್ತಾ ಹೋದೆ. ಆರನೇ ಪುಟದಲ್ಲಿ ಅಜ್ಜಿ ಸತ್ತಳು! ಬೆರಳು ಅಲ್ಲೇ ನಿಂತಿತು. ಕಾಯಿಲೆಯಿಲ್ಲ, ಕಸಾಲೆಯಿಲ್ಲ. ಪುಟ ತಿರುಗಿಸಿದರೆ ಎಲ್ಲರೂ ಅಳುತ್ತಿದ್ದಾರೆ. ಅಲ್ಲ, ಹಾಲುಹಲ್ಲು ಬೀಳುವ ಮಕ್ಕಳಿಗೆ ಇದನ್ನಾ ಓದಿಸುವುದು?

ಎತ್ತಿ ಪಕ್ಕಕ್ಕೆ ಎಸೆದೆ. ಅಷ್ಟರಲ್ಲಿ ಎದುರುಮನೆಯ ಸಾನ್ವಿ ಬಂದಳು. ಎಂಟು ವರ್ಷದ ಹುಡುಗಿ, ಧಾರವಾಡದ ಕಡೆಯವಳು. ಎಸೆದದ್ದನ್ನೇ ಎತ್ತಿ ನನ್ನ ತೊಡೆಯ ಮೇಲಿಟ್ಟು, "ಓದ್ರಿ ಅಜ್ಜಿ" ಎಂದಳು. ಬಾಡಿದ ಸೊಪ್ಪಿಗೆ ನೀರು ಚಿಮುಕಿಸಿ ಅಭ್ಯಾಸವಿದ್ದವಳು ನಾನು. ಆರನೇ ಪುಟ ಬಂದಾಗ "ಅಜ್ಜಿ ಊರಿಗೆ ಹೋದಳು" ಎಂದು ಓದಿಬಿಟ್ಟೆ.

"ಊರಿಗೆ ಹೋದ್ರ ಎಲ್ಲಾರೂ ಯಾಕ ಅಳಾಕತ್ತಾರ?" ಎಂದು ಚಿತ್ರ ತೋರಿಸಿದಳು.

"ಬಸ್ಸು ಸಿಗ್ಲಿಲ್ಲ ಅಂತ."

"ಸುಳ್ಳ ಹೇಳಬ್ಯಾಡ್ರಿ. ಸತ್ತಾಳ ಅಕಿ. ನಮ್ಮಜ್ಜಿ ಸತ್ತಾಗೂ ಎಲ್ಲಾರೂ ಊರಿಗೆ ಹೋಗ್ಯಾಳ ಅಂದ್ರು. ನಾ ದಿನಾ ಬಾಗಲಾ ಕಾಯ್ತಿದ್ದೆ."

ಮತ್ತೆ ಆರನೇ ಪುಟಕ್ಕೆ ಹೋಗಿ, ಇದ್ದದ್ದನ್ನು ಇದ್ದ ಹಾಗೇ ಓದಿದೆ. ಅವಳು ಅಳಲಿಲ್ಲ. ಕೊನೆಯಲ್ಲಿ ಮೊಮ್ಮಗಳು ಅಜ್ಜಿಯ ಕನ್ನಡಕ ಹಾಕಿಕೊಂಡು ಕೂತಿರುವ ಚಿತ್ರವಿತ್ತು. ಅದನ್ನು ಬಹಳ ಹೊತ್ತು ನೋಡಿದಳು.

ಶಶಿ ಆಫೀಸಿನಿಂದ ಬರುತ್ತಲೇ, "ಇದನ್ನ ಇಟ್ಕೋ. ಮುದುಕಿ ಸಾಯ್ತಾಳೆ, ಆದ್ರೂ ಚೆನ್ನಾಗಿದೆ, ಮಕ್ಕಳಿಗೆ ಓದಿಸ್ರಿ ಅಂತ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಹಾಕು. ಆ ಹುಲೀನ ವಾಪಸ್ ಕೊಡು" ಎಂದೆ.

ಇನ್ನೂ ಅಲ್ಲೇ ಕೂತಿದ್ದ ಸಾನ್ವಿ ನನ್ನ ಮುಖವನ್ನೇ ದಿಟ್ಟಿಸಿದಳು. "ಅಜ್ಜಿ, ನೀವು ಸತ್ತಮ್ಯಾಲ ನಿಮ್ಮ ಚಸ್ಮಾ ನನಗ ಕೊಡ್ತೀರೇನ್ರಿ?"

ಶಶಿ ಬೆಚ್ಚಿಬಿದ್ದು ನನ್ನ ಕಡೆ ನೋಡಿದಳು. ನಾನು, "ಕೊಡ್ತೀನಿ ಬಿಡೇ. ಮೊದ್ಲು ಈ ಪುಸ್ತಕ ಎಲ್ಲಾ ಓದಿ ಮುಗಿಸ್ಬೇಕಲ್ಲಾ" ಎಂದೆ.

ಅವಳು ರಾಶಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಹಂಗಾರ ಲಗೂ ಲಗೂ ಓದ್ರಿ" ಎಂದಳು.

ಆವತ್ತೇ ಶಶಿಗೆ ಹೇಳಿದ್ದೇನೆ, ಇನ್ನು ಮೇಲೆ ತರುವ ಮಕ್ಕಳ ಪುಸ್ತಕ ಸ್ವಲ್ಪ ದಪ್ಪಗಿರಲಿ ಎಂದು.